ಸಣ್ಣ ವಾಣಿಜ್ಯ ಕಟ್ಟಡಗಳ ಅಗ್ನಿ ಎಚ್ಚರಿಕೆ ವ್ಯವಸ್ಥೆ: ದೋಷಗಳ ಪತ್ತೆ ಮತ್ತು ಪರಿಹಾರ

ಪೀಠಿಕೆ

ಅಂಗಡಿ, ಹೋಟೆಲ್, ವಸತಿಗೃಹ, ಚಿಕಿತ್ಸಾಲಯ, ಕಚೇರಿ, ದಾಸ್ತಾನು ಮಳಿಗೆ ಮುಂತಾದ ಸಣ್ಣ ವಾಣಿಜ್ಯ ಕಟ್ಟಡಗಳಲ್ಲಿ ಅಳವಡಿಸಲಾದ ಅಗ್ನಿ ಎಚ್ಚರಿಕೆ ವ್ಯವಸ್ಥೆಯು ಸದಾ ಸುಸ್ಥಿತಿಯಲ್ಲಿರುವುದು ಅತ್ಯಗತ್ಯ. ಅಗ್ನಿ ಅನಾಹುತಗಳಲ್ಲಿ ಜ್ವಾಲೆಗಿಂತ ಮೊದಲು ಜನರನ್ನು ತಲುಪುವುದು ಹೊಗೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅನಾಹುತದಲ್ಲಿ 9 ಮಂದಿ ಮೃತಪಟ್ಟರು. ದಟ್ಟ ಹೊಗೆಯು ಮೇಲಂತಸ್ತುಗಳನ್ನು ಆವರಿಸಿದ್ದೇ ಅಲ್ಲಿ ಸಿಲುಕಿದವರಿಗೆ ಮುಖ್ಯ ಅಪಾಯವಾಯಿತು. ಇಂತಹ ಸಂದರ್ಭಗಳಲ್ಲಿ ಕೆಲವೇ ನಿಮಿಷಗಳ ಮುನ್ಸೂಚನೆಯೂ ಜೀವ ಉಳಿಸಬಲ್ಲದು.

ಆದರೆ ವ್ಯವಸ್ಥೆಯನ್ನು ಅಳವಡಿಸಿದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ನಿಯಂತ್ರಣ ಫಲಕದಲ್ಲಿ ಹಳದಿ ದೀಪವು ತಿಂಗಳುಗಟ್ಟಲೆ ಉರಿಯುತ್ತಿದ್ದರೂ ಅದನ್ನು ನಿರ್ಲಕ್ಷಿಸುವುದು, ಬಜರ್ ಸದ್ದು ಕಿರಿಕಿರಿ ಎಂದು ಅದರ ತಂತಿಯನ್ನು ಕತ್ತರಿಸುವುದು, ತಪಾಸಣೆಯ ಹಿಂದಿನ ದಿನ ಮಾತ್ರ ದುರಸ್ತಿಗೆ ಮುಂದಾಗುವುದು ಸಾಮಾನ್ಯವಾಗಿ ಕಂಡುಬರುವ ಲೋಪಗಳಾಗಿವೆ. ವ್ಯವಸ್ಥೆಯಲ್ಲಿ ಉಂಟಾಗುವ ದೋಷಗಳನ್ನು ಗುರುತಿಸುವ ಬಗೆ, ಮಾಲೀಕರೇ ಕೈಗೊಳ್ಳಬಹುದಾದ ಕ್ರಮಗಳು ಹಾಗೂ ತಂತ್ರಜ್ಞರಿಗೆ ವಹಿಸಬೇಕಾದ ಕೆಲಸಗಳ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ವ್ಯವಸ್ಥೆಯ ಭಾಗಗಳು

ಸಣ್ಣ ಕಟ್ಟಡಗಳಲ್ಲಿ ಬಳಸುವ ಸಾಮಾನ್ಯ ವ್ಯವಸ್ಥೆಯಲ್ಲಿ ಈ ಕೆಳಗಿನ ಭಾಗಗಳಿರುತ್ತವೆ.

(ಅ) ನಿಯಂತ್ರಣ ಫಲಕ: ಇದು 230 ವೋಲ್ಟ್ ವಿದ್ಯುತ್ತನ್ನು ಪಡೆದು, 24 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ ವ್ಯವಸ್ಥೆಯನ್ನು ನಡೆಸುತ್ತದೆ. ಕಟ್ಟಡವನ್ನು ಝೋನ್‌ಗಳೆಂಬ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಪ್ರತ್ಯೇಕ ದೀಪವನ್ನು ಒದಗಿಸಲಾಗಿರುತ್ತದೆ.

(ಆ) ಬ್ಯಾಟರಿಗಳು: ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಲಾಗಿರುತ್ತದೆ. ವಿದ್ಯುತ್ ಕಡಿತವಾದಾಗ ವ್ಯವಸ್ಥೆಯು ಇವುಗಳನ್ನೇ ಅವಲಂಬಿಸುತ್ತದೆ.

(ಇ) ಡಿಟೆಕ್ಟರ್‌ಗಳು: ಹೊಗೆಯನ್ನು ಅಥವಾ ಉಷ್ಣವನ್ನು ಗ್ರಹಿಸಿ ಫಲಕಕ್ಕೆ ಸೂಚನೆ ನೀಡುತ್ತವೆ.

(ಈ) ಮ್ಯಾನುಯಲ್ ಕಾಲ್ ಪಾಯಿಂಟ್: ಬೆಂಕಿಯನ್ನು ಕಂಡವರು ಗಾಜನ್ನು ಒಡೆದು ಅಥವಾ ಒತ್ತಿ ಎಚ್ಚರಿಕೆ ನೀಡುವ ಕೆಂಪು ಪೆಟ್ಟಿಗೆ.

(ಉ) ಹೂಟರ್‌ಗಳು: ಕಟ್ಟಡದಲ್ಲಿರುವ ಎಲ್ಲರಿಗೂ ಕೇಳುವಂತೆ ಸದ್ದು ಮಾಡುವ ಸಾಧನಗಳು.

(ಊ) ಎಂಡ್ ಆಫ್ ಲೈನ್ ರೆಸಿಸ್ಟರ್: ಪ್ರತಿ ವಲಯದ ತಂತಿಯ ಕಟ್ಟಕಡೆಯ ತುದಿಯಲ್ಲಿರುವ ಚಿಕ್ಕ ಬಿಡಿಭಾಗ. ಫಲಕವು ಈ ರೆಸಿಸ್ಟರ್ ಮೂಲಕ ಸದಾ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸುತ್ತಿರುತ್ತದೆ. ಆ ಹರಿವು ನಿಂತರೆ ತಂತಿ ತುಂಡಾಗಿದೆ ಎಂದು ಫಲಕವು ಅರಿಯುತ್ತದೆ.

ಸಾಮಾನ್ಯವಾಗಿ ಇಂತಹ ವ್ಯವಸ್ಥೆಗಳ ಸದ್ದು ಕಟ್ಟಡಕ್ಕೆ ಮಾತ್ರ ಸೀಮಿತ. ಅಗ್ನಿಶಾಮಕ ಠಾಣೆಗೆ ಸೂಚನೆಯು ತಾನಾಗಿಯೇ ತಲುಪುವುದಿಲ್ಲ. ಆದುದರಿಂದ ಎಚ್ಚರಿಕೆ ಮೊಳಗಿದಾಗ 101 ಅಥವಾ 112 ಸಂಖ್ಯೆಗೆ ಕರೆ ಮಾಡುವ ಹೊಣೆಯನ್ನು ನಿರ್ದಿಷ್ಟ ಸಿಬ್ಬಂದಿಗೆ ಮೊದಲೇ ವಹಿಸಿರತಕ್ಕದ್ದು.

2. ಫಲಕದ ದೀಪಗಳ ಅರ್ಥ

ಹಸಿರು ದೀಪವು ವಿದ್ಯುತ್ ಪೂರೈಕೆ ಸರಿಯಾಗಿದೆ ಎಂಬುದನ್ನು, ಕೆಂಪು ದೀಪವು ಬೆಂಕಿಯ ಸೂಚನೆ ಬಂದಿದೆ ಎಂಬುದನ್ನು, ಹಳದಿ ದೀಪವು ವ್ಯವಸ್ಥೆಯಲ್ಲಿ ದೋಷವಿದೆ ಅಥವಾ ಯಾವುದೋ ಭಾಗವನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂಬುದನ್ನು ಸೂಚಿಸುತ್ತದೆ.

ಕೆಂಪು ದೀಪ ಬೆಳಗಿ ಹೂಟರ್ ಮೊಳಗಿದಲ್ಲಿ, ಅದನ್ನು ಮೊದಲು ನಿಜವಾದ ಬೆಂಕಿಯೆಂದೇ ಪರಿಗಣಿಸತಕ್ಕದ್ದು. ಜನರನ್ನು ಹೊರಗೆ ಕಳುಹಿಸಿದ ನಂತರವೇ ಕಾರಣವನ್ನು ಪರಿಶೀಲಿಸುವುದು. ಕಳೆದ ವಾರ ಮೂರು ಬಾರಿ ಸುಳ್ಳು ಎಚ್ಚರಿಕೆ ಬಂದಿತ್ತು ಎಂಬ ಕಾರಣಕ್ಕೆ ನಾಲ್ಕನೆಯದನ್ನು ನಿರ್ಲಕ್ಷಿಸುವಂತಿಲ್ಲ.

ಸೈಲೆನ್ಸ್ ಗುಂಡಿಯು ಸದ್ದನ್ನು ಮಾತ್ರ ನಿಲ್ಲಿಸುತ್ತದೆ, ದೋಷವನ್ನು ನಿವಾರಿಸುವುದಿಲ್ಲ. ರೀಸೆಟ್ ಗುಂಡಿಯು ಫಲಕವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಐಸೊಲೇಟ್ ಗುಂಡಿಯು ಆಯ್ದ ವಲಯವನ್ನು ವ್ಯವಸ್ಥೆಯಿಂದ ಬೇರ್ಪಡಿಸುತ್ತದೆ. ಆ ಅವಧಿಯಲ್ಲಿ ಸದರಿ ವಲಯಕ್ಕೆ ಯಾವುದೇ ರಕ್ಷಣೆ ಇರುವುದಿಲ್ಲ.

3. ದೋಷ ಪತ್ತೆಗೆ ಮುನ್ನ ಗಮನಿಸಬೇಕಾದ ಅಂಶಗಳು

(ಅ) ಯಾವ ದೀಪ ಉರಿಯುತ್ತಿದೆ, ಯಾವ ವಲಯ, ದಿನಾಂಕ ಮತ್ತು ವೇಳೆ ಇವುಗಳನ್ನು ದಾಖಲು ಪುಸ್ತಕದಲ್ಲಿ ಬರೆದುಕೊಳ್ಳುವುದು.

(ಆ) ರೀಸೆಟ್ ಮಾಡುವ ಮುನ್ನ ಆ ವಲಯದ ಎಲ್ಲ ಡಿಟೆಕ್ಟರ್‌ಗಳನ್ನು ನೋಡಿಕೊಂಡು ಬರುವುದು. ಎಚ್ಚರಿಕೆ ನೀಡಿದ ಡಿಟೆಕ್ಟರ್‌ನ ಕೆಂಪು ದೀಪವು ರೀಸೆಟ್ ಆಗುವವರೆಗೂ ಉರಿಯುತ್ತಿರುತ್ತದೆ. ಅವಸರದಲ್ಲಿ ರೀಸೆಟ್ ಮಾಡಿದರೆ ಈ ಗುರುತು ಅಳಿಸಿಹೋಗಿ, ಯಾವ ಡಿಟೆಕ್ಟರ್ ಕಾರಣವೆಂದು ತಿಳಿಯದಂತಾಗುತ್ತದೆ.

(ಇ) ಇತ್ತೀಚೆಗೆ ಕಟ್ಟಡದಲ್ಲಿ ಬಣ್ಣ ಬಳಿಯುವುದು, ವೆಲ್ಡಿಂಗ್, ವಿದ್ಯುತ್ ಅಥವಾ ಇಂಟರ್‌ನೆಟ್ ತಂತಿ ಎಳೆಯುವುದು, ಸೀಲಿಂಗ್ ಬದಲಾವಣೆ ಮುಂತಾದ ಕೆಲಸಗಳು ನಡೆದಿವೆಯೇ ಎಂಬುದನ್ನು ವಿಚಾರಿಸುವುದು. ಹಲವು ದೋಷಗಳ ಮೂಲ ಇಲ್ಲಿಯೇ ಇರುತ್ತದೆ.

(ಈ) ಫಲಕದ ಒಳಭಾಗದಲ್ಲಿ 230 ವೋಲ್ಟ್ ವಿದ್ಯುತ್ ಇರುವುದರಿಂದ ಮಾಲೀಕರಾಗಲೀ ಸಿಬ್ಬಂದಿಯಾಗಲೀ ಅದರ ಬಾಗಿಲನ್ನು ತೆರೆದು ತಂತಿಗಳನ್ನು ಮುಟ್ಟತಕ್ಕದ್ದಲ್ಲ.

4. ವಿದ್ಯುತ್ ಮತ್ತು ಬ್ಯಾಟರಿ ದೋಷಗಳು

ಹಸಿರು ದೀಪ ಆರಿ, ವಿದ್ಯುತ್ ದೋಷದ ಸೂಚನೆ ಬಂದಲ್ಲಿ ಮೊದಲಿಗೆ ಕಟ್ಟಡಕ್ಕೆ ವಿದ್ಯುತ್ ಇದೆಯೇ, ಫಲಕಕ್ಕೆ ಸಂಬಂಧಿಸಿದ ಎಂಸಿಬಿ ಕೆಳಗೆ ಬಿದ್ದಿದೆಯೇ ಎಂದು ನೋಡುವುದು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ರೂಢಿಯಿದ್ದಲ್ಲಿ, ಫಲಕವೂ ಅದರೊಂದಿಗೆ ಆರುತ್ತಿರುವ ಸಾಧ್ಯತೆಯಿದೆ. ಹೀಗಾದಲ್ಲಿ ಬ್ಯಾಟರಿಯು ಪ್ರತಿ ರಾತ್ರಿ ಬರಿದಾಗುತ್ತಾ ಬಂದು, ಬೇಗನೆ ನಿರುಪಯುಕ್ತವಾಗುತ್ತದೆ. ಫಲಕಕ್ಕೆ ಪ್ರತ್ಯೇಕ ಎಂಸಿಬಿಯನ್ನು ಒದಗಿಸಿ, ಅದರ ಮೇಲೆ 'ಫೈರ್ ಅಲಾರಂ – ಆರಿಸಬಾರದು' ಎಂಬ ಚೀಟಿಯನ್ನು ಅಂಟಿಸತಕ್ಕದ್ದು. ಒಮ್ಮೆ ಮೇಲೆತ್ತಿದ ಎಂಸಿಬಿ ಪುನಃ ಬಿದ್ದರೆ ಮತ್ತೆ ಮತ್ತೆ ಎತ್ತದೆ ಅರ್ಹ ಎಲೆಕ್ಟ್ರಿಷಿಯನ್‌ರನ್ನು ಕರೆಸುವುದು.

ಬ್ಯಾಟರಿ ದೋಷದ ಸೂಚನೆಗೆ ಸಡಿಲ ಅಥವಾ ಕಿಲುಬು ಹಿಡಿದ ತುದಿಗಳು, ಸುಟ್ಟ ಫ್ಯೂಸ್, ಕೆಟ್ಟ ಚಾರ್ಜರ್ ಅಥವಾ ಬ್ಯಾಟರಿಯ ಆಯಸ್ಸು ಮುಗಿದಿರುವುದು ಕಾರಣವಾಗಿರಬಹುದು. ಚಾರ್ಜರ್ ಸರಿಯಿದ್ದಲ್ಲಿ ಪೂರ್ಣ ತುಂಬಿದ ಎರಡು ಬ್ಯಾಟರಿಗಳ ತುದಿಗಳ ನಡುವೆ ಸುಮಾರು 27 ವೋಲ್ಟ್ ಕಂಡುಬರಬೇಕು. ಆದರೆ ಈ ಅಳತೆಯೊಂದರಿಂದಲೇ ಬ್ಯಾಟರಿ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ವಿದ್ಯುತ್ ಪೂರೈಕೆಯನ್ನು ಕಡಿತಗೊಳಿಸಿ, ಹೂಟರ್‌ಗಳನ್ನು ಮೊಳಗಿಸಿದಾಗಲೂ ವೋಲ್ಟೇಜ್ ನಿಲ್ಲುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಹೂಟರ್ ಸದ್ದು ಕ್ಷೀಣಿಸಿದರೆ ಎರಡೂ ಬ್ಯಾಟರಿಗಳನ್ನು ಒಟ್ಟಿಗೇ ಬದಲಿಸತಕ್ಕದ್ದು. ಒಂದು ಹಳೆಯದು, ಒಂದು ಹೊಸದು ಎಂದು ಜೋಡಿಸಿದರೆ ಹೊಸದೂ ಬೇಗ ಕೆಡುತ್ತದೆ. ಅಡುಗೆಮನೆ ಅಥವಾ ಜನರೇಟರ್ ಸಮೀಪದ ಬಿಸಿ ಸ್ಥಳದಲ್ಲಿರುವ ಬ್ಯಾಟರಿಯ ಬಾಳಿಕೆ ಗಣನೀಯವಾಗಿ ಕುಗ್ಗುತ್ತದೆ.

ಬ್ಯಾಟರಿಯ ಸಾಮರ್ಥ್ಯವನ್ನು ಹೀಗೆ ಅಂದಾಜು ಮಾಡಬಹುದು. ಉದಾಹರಣೆಗೆ, ಒಂದು ಫಲಕವು ಸಾಮಾನ್ಯ ಸ್ಥಿತಿಯಲ್ಲಿ 0.15 ಆಂಪಿಯರ್ ಮತ್ತು ಹೂಟರ್‌ಗಳು ಮೊಳಗುವಾಗ 0.6 ಆಂಪಿಯರ್ ಬಳಸುತ್ತದೆ ಎಂದು ಭಾವಿಸುವುದು. 24 ಗಂಟೆಗಳ ಕಾಯುವಿಕೆಗೆ 3.6 ಆಂಪಿಯರ್-ಗಂಟೆ, ಅರ್ಧ ಗಂಟೆಯ ಎಚ್ಚರಿಕೆಗೆ 0.3 ಆಂಪಿಯರ್-ಗಂಟೆ, ಒಟ್ಟು 3.9 ಆಂಪಿಯರ್-ಗಂಟೆ ಅಗತ್ಯ. 7 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಗೆ ಇದು ಸುಲಭ. ಅದೇ ಬ್ಯಾಟರಿ ಹಳೆಯದಾಗಿ ಸಾಮರ್ಥ್ಯ ಅರ್ಧಕ್ಕೆ ಇಳಿದಾಗ ಉಳಿಯುವುದು 3.5 ಮಾತ್ರ. ಫಲಕದ ಹಸಿರು ದೀಪವು ಎಂದಿನಂತೆ ಉರಿಯುತ್ತಿದ್ದರೂ ದೀರ್ಘ ವಿದ್ಯುತ್ ಕಡಿತದ ಕೊನೆಯಲ್ಲಿ ಹೂಟರ್ ಮೊಳಗದೇ ಹೋಗಬಹುದು.

5. ವಲಯದ ತಂತಿ ದೋಷಗಳು

ತಂತಿ ತುಂಡಾಗಿರುವುದು: ವಲಯದ ಹಳದಿ ದೀಪ ಉರಿದಾಗ, ಮೊದಲು ಆ ವಲಯದಲ್ಲಿ ಯಾವುದಾದರೂ ಡಿಟೆಕ್ಟರ್ ತನ್ನ ಪೀಠದಿಂದ ಸಡಿಲವಾಗಿದೆಯೇ ಅಥವಾ ತೆಗೆಯಲ್ಪಟ್ಟಿದೆಯೇ ಎಂದು ನೋಡುವುದು. ಬಣ್ಣ ಬಳಿಯುವವರು ತೆಗೆದಿಟ್ಟು ಮರೆತಿರುವುದು ಅಪರೂಪವಲ್ಲ. ಡಿಟೆಕ್ಟರ್‌ಗಳೆಲ್ಲ ಸರಿಯಿದ್ದಲ್ಲಿ ತಂತಿ ಕಡಿದಿರುವ, ಜೋಡಣೆ ಸಡಿಲಗೊಂಡಿರುವ ಅಥವಾ ಇಲಿ ಕಚ್ಚಿರುವ ಸಾಧ್ಯತೆಯಿದೆ. ಕಡಿದ ಸ್ಥಳದಿಂದ ಫಲಕದ ಕಡೆಗಿರುವ ಡಿಟೆಕ್ಟರ್‌ಗಳು ಕೆಲಸ ಮಾಡಬಹುದಾದರೂ, ಆಚೆಗಿರುವವು ಸಂಪೂರ್ಣ ನಿಷ್ಕ್ರಿಯವಾಗಿರುತ್ತವೆ.

ತಂತಿಗಳು ಒಂದಕ್ಕೊಂದು ತಗುಲಿರುವುದು: ಶಾರ್ಟ್ ಸರ್ಕ್ಯೂಟ್ ಎಂದು ಕರೆಯಲ್ಪಡುವ ಈ ದೋಷದಲ್ಲಿ ಇಡೀ ವಲಯವೇ ನಿಷ್ಕ್ರಿಯವಾಗಬಹುದು. ಫಲಕದ ಮಾದರಿಗೆ ಅನುಗುಣವಾಗಿ ಇದು ದೋಷವೆಂದು ಅಥವಾ ಬೆಂಕಿಯೆಂದು ತೋರಿಬರುತ್ತದೆ. ಗೋಡೆಗೆ ಮೊಳೆ ಹೊಡೆದಾಗ, ಸೀಲಿಂಗ್ ಅಳವಡಿಸಿದಾಗ ಇಂತಹ ದೋಷಗಳು ಉಂಟಾಗುತ್ತವೆ.

ಅರ್ತ್ ಫಾಲ್ಟ್: ತಂತಿಯ ಹೊದಿಕೆ ಹಾಳಾಗಿ, ತೇವದ ಗೋಡೆ ಅಥವಾ ಲೋಹದ ಪೈಪಿಗೆ ವಿದ್ಯುತ್ ಸೋರಿಕೆಯಾಗುವುದೇ ಇದಕ್ಕೆ ಕಾರಣ. ಮಲೆನಾಡು ಮತ್ತು ಕರಾವಳಿಯ ಕಟ್ಟಡಗಳಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಂಡು ಬಿಸಿಲು ಬಂದಾಗ ಮಾಯವಾಗುವ ದೋಷವು ಬಹುತೇಕ ಇದೇ ಆಗಿರುತ್ತದೆ. ಒಂದೇ ಸ್ಥಳದಲ್ಲಿ ಸೋರಿಕೆಯಿದ್ದಾಗ ವ್ಯವಸ್ಥೆಯು ಮೇಲ್ನೋಟಕ್ಕೆ ಸರಿಯಾಗಿಯೇ ನಡೆಯಬಹುದು. ಇನ್ನೊಂದು ತಂತಿಯಲ್ಲಿಯೂ ಸೋರಿಕೆಯಾದಲ್ಲಿ ವಲಯವೇ ಕೈಕೊಡುತ್ತದೆ. ಆದುದರಿಂದ ಬಿಸಿಲು ಬಂದು ದೀಪ ಆರಿತೆಂದು ಸುಮ್ಮನಾಗದೆ, ಮಳೆಯ ದಿನಗಳ ವಿವರವನ್ನು ಬರೆದಿಟ್ಟು ತಂತ್ರಜ್ಞರಿಗೆ ನೀಡತಕ್ಕದ್ದು.

ವಿಶೇಷ ಸೂಚನೆ: ವಲಯದ ದೋಷ ದೀಪವನ್ನು ಆರಿಸುವ ಸಲುವಾಗಿ ಎಂಡ್ ಆಫ್ ಲೈನ್ ರೆಸಿಸ್ಟರನ್ನು ತಂತಿಯ ತುದಿಯ ಬದಲಿಗೆ ಫಲಕದ ಒಳಗೇ ಜೋಡಿಸುವುದು ಅತ್ಯಂತ ಅಪಾಯಕಾರಿ. ಹೀಗೆ ಮಾಡಿದಾಗ ಫಲಕದ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ತಂತಿ ಎಲ್ಲಿ ತುಂಡಾದರೂ ಅದು ತಿಳಿಯುವುದಿಲ್ಲ. ಇದನ್ನು ಮಾಲೀಕರು ಸುಲಭವಾಗಿ ಪರೀಕ್ಷಿಸಬಹುದು. ತಂತ್ರಜ್ಞರು ಕೆಲಸ ಮುಗಿಸಿದ ನಂತರ, ಸದರಿ ವಲಯದ ಒಂದು ಡಿಟೆಕ್ಟರನ್ನು ಪೀಠದಿಂದ ತೆಗೆಯುವಂತೆ ಕೋರುವುದು. ಸ್ವಲ್ಪ ಸಮಯದಲ್ಲಿಯೇ ಫಲಕದಲ್ಲಿ ದೋಷದ ಸೂಚನೆ ಬರಬೇಕು. ಬಾರದಿದ್ದಲ್ಲಿ ದುರಸ್ತಿ ಆಗಿಲ್ಲವೆಂದೇ ತಿಳಿಯತಕ್ಕದ್ದು.

6. ಸುಳ್ಳು ಎಚ್ಚರಿಕೆಗಳು

ಬೆಂಕಿಯಿಲ್ಲದೆ ಹೂಟರ್ ಮೊಳಗಲು ಸಾಮಾನ್ಯ ಕಾರಣಗಳು ಈ ಕೆಳಕಂಡಂತಿವೆ.

(ಅ) ಧೂಳು ಮತ್ತು ಕೀಟಗಳು: ಹಿಟ್ಟಿನ ಗಿರಣಿ, ಮರದ ಕೆಲಸದ ಮಳಿಗೆ, ಜವಳಿ ಅಂಗಡಿಗಳಲ್ಲಿ ಡಿಟೆಕ್ಟರ್ ಒಳಗೆ ಧೂಳು ಸೇರುತ್ತದೆ. ಮಳೆಗಾಲದಲ್ಲಿ ಸಣ್ಣ ಕೀಟಗಳು ಒಳಹೊಗುತ್ತವೆ. ಮೃದುವಾದ ಕುಂಚ ಅಥವಾ ವ್ಯಾಕ್ಯೂಮ್ ಕ್ಲೀನರ್‌ನಿಂದ ಹೊರಭಾಗವನ್ನು ಸ್ವಚ್ಛಗೊಳಿಸುವುದು. ಒದ್ದೆ ಬಟ್ಟೆ ಬಳಸತಕ್ಕದ್ದಲ್ಲ.

(ಆ) ಅಡುಗೆಯ ಹೊಗೆ ಮತ್ತು ಹಬೆ: ಹೋಟೆಲಿನ ಅಡುಗೆಮನೆ, ಸ್ನಾನಗೃಹದ ಬಾಗಿಲಿನ ಮುಂದೆ ಹೊಗೆ ಡಿಟೆಕ್ಟರ್ ಇದ್ದಲ್ಲಿ ಅದು ಪದೇ ಪದೇ ಮೊಳಗುತ್ತದೆ. ಅಡುಗೆಮನೆಗೆ ಉಷ್ಣ ಡಿಟೆಕ್ಟರ್ ಸೂಕ್ತ. ಸ್ನಾನಗೃಹದ ಎದುರಿನ ಡಿಟೆಕ್ಟರನ್ನು ಸ್ವಲ್ಪ ದೂರಕ್ಕೆ ಸ್ಥಳಾಂತರಿಸಬಹುದು. ಡಿಟೆಕ್ಟರನ್ನು ತೆಗೆದುಹಾಕುವುದು ಪರಿಹಾರವಲ್ಲ.

(ಇ) ಪೂಜೆಯ ಹೊಗೆ: ಗಲ್ಲಾಪೆಟ್ಟಿಗೆಯ ಬಳಿಯ ದೇವರಪಟದ ಮುಂದೆ ಹಚ್ಚುವ ಊದುಬತ್ತಿ, ಕರ್ಪೂರ, ಶುಕ್ರವಾರದ ಧೂಪ, ಆಯುಧಪೂಜೆಯ ದಿನದ ವಿಶೇಷ ಪೂಜೆಗಳಿಂದಲೂ ಹೂಟರ್ ಮೊಳಗಬಹುದು. ಪೂಜಾ ಸ್ಥಳವನ್ನು ಡಿಟೆಕ್ಟರ್‌ನಿಂದ ದೂರವಿರಿಸುವುದು ಉತ್ತಮ. ಅನಿವಾರ್ಯವಾದಲ್ಲಿ ಆ ವಲಯವನ್ನು ಮಾತ್ರ, ಪೂಜೆಯ ಅವಧಿಗೆ ಮಾತ್ರ ನಿಷ್ಕ್ರಿಯಗೊಳಿಸಿ, ಒಬ್ಬರನ್ನು ಕಾವಲಿಗಿರಿಸಿ, ಪೂಜೆ ಮುಗಿದ ಕೂಡಲೇ ಮರಳಿ ಚಾಲನೆಗೊಳಿಸತಕ್ಕದ್ದು.

(ಈ) ಮ್ಯಾನುಯಲ್ ಕಾಲ್ ಪಾಯಿಂಟ್: ರೀಸೆಟ್ ಮಾಡಿದರೂ ಹೂಟರ್ ನಿಲ್ಲದಿದ್ದಲ್ಲಿ, ಯಾವುದಾದರೂ ಪೆಟ್ಟಿಗೆಯ ಗಾಜು ಒಡೆದಿದೆಯೇ ಅಥವಾ ಗುಂಡಿ ಒತ್ತಿದ ಸ್ಥಿತಿಯಲ್ಲಿಯೇ ಉಳಿದಿದೆಯೇ ಎಂದು ನೋಡುವುದು. ಅದನ್ನು ಕೀಲಿಯಿಂದ ಸರಿಪಡಿಸಿದ ನಂತರವೇ ಫಲಕವನ್ನು ರೀಸೆಟ್ ಮಾಡಲು ಸಾಧ್ಯ. ಈ ಕೀಲಿಯು ಅಂಗಡಿಯಲ್ಲಿಯೇ ಇರತಕ್ಕದ್ದು.

7. ಬೆಂಕಿಯಿದ್ದರೂ ಮೊಳಗದ ವ್ಯವಸ್ಥೆ

ಸುಳ್ಳು ಎಚ್ಚರಿಕೆಯಿಂದ ಕಿರಿಕಿರಿಯಾಗುತ್ತದೆ. ಮೌನವಾದ ವ್ಯವಸ್ಥೆಯಿಂದ ಪ್ರಾಣಹಾನಿಯಾಗುತ್ತದೆ. ಫಲಕದಲ್ಲಿ ಯಾವುದೇ ದೋಷ ಕಾಣದಿದ್ದರೂ ಈ ಕೆಳಗಿನ ಲೋಪಗಳಿರಬಹುದು.

(ಅ) ಹೊಸ ಡಿಟೆಕ್ಟರ್ ಮೇಲಿನ ಪ್ಲಾಸ್ಟಿಕ್ ಧೂಳು ಮುಚ್ಚಳವನ್ನು ತೆಗೆಯದೇ ಬಿಟ್ಟಿರುವುದು ಅಥವಾ ಡಿಟೆಕ್ಟರ್ ಮೇಲೆಯೇ ಬಣ್ಣ ಬಳಿದಿರುವುದು. ಬಣ್ಣ ಬಿದ್ದ ಡಿಟೆಕ್ಟರನ್ನು ಬದಲಿಸತಕ್ಕದ್ದು.

(ಆ) ಕಚೇರಿಯಲ್ಲಿ ಸೀಲಿಂಗ್‌ವರೆಗೆ ಹೊಸ ಗೋಡೆಯೆಬ್ಬಿಸಿ ಕೊಠಡಿ ಮಾಡಿದಾಗ, ಒಳಗಿನ ಕೊಠಡಿಗೆ ಡಿಟೆಕ್ಟರ್ ಇಲ್ಲದಿರುವುದು.

(ಇ) ದಾಸ್ತಾನು ಮಳಿಗೆಯಲ್ಲಿ ಸರಕನ್ನು ಸೀಲಿಂಗ್ ಮುಟ್ಟುವಂತೆ ಪೇರಿಸಿ, ಡಿಟೆಕ್ಟರ್‌ಗೆ ಹೊಗೆ ತಲುಪದಂತೆ ಮಾಡಿರುವುದು. ಡಿಟೆಕ್ಟರ್ ಸುತ್ತ ಮತ್ತು ಕೆಳಗೆ ಕನಿಷ್ಠ ಅರ್ಧ ಮೀಟರ್ ಜಾಗ ಖಾಲಿಯಿರಲಿ.

(ಈ) ಹೂಟರ್ ಸದ್ದು ಎಲ್ಲೆಡೆ ಕೇಳಿಸದಿರುವುದು. ಜನರೇಟರ್ ನಡೆಯುತ್ತಿರುವಾಗ, ಬಾಗಿಲುಗಳು ಮುಚ್ಚಿರುವಾಗ, ಹಿಂಬದಿಯ ಕೊಠಡಿ ಹಾಗೂ ಶೌಚಾಲಯಗಳಲ್ಲಿ ನಿಂತು ಕೇಳಿ ಪರೀಕ್ಷಿಸುವುದು. ವಸತಿಗೃಹಗಳಲ್ಲಿ ಮಲಗಿದವರನ್ನು ಎಬ್ಬಿಸುವಷ್ಟು ಸದ್ದು ಪ್ರತಿ ಕೊಠಡಿಯೊಳಗೂ ಕೇಳಿಸತಕ್ಕದ್ದು.

(ಉ) ದುರಸ್ತಿಗಾಗಿ ನಿಷ್ಕ್ರಿಯಗೊಳಿಸಿದ ವಲಯವನ್ನು ಮರಳಿ ಚಾಲನೆಗೊಳಿಸಲು ಮರೆತಿರುವುದು.

ಡಿಟೆಕ್ಟರ್ ಪರೀಕ್ಷೆಗೆ ಬೀಡಿ, ಕಾಗದದ ಹೊಗೆ ಅಥವಾ ಲೈಟರ್ ಜ್ವಾಲೆಯನ್ನು ಬಳಸತಕ್ಕದ್ದಲ್ಲ. ಇದರಿಂದ ಒಳಭಾಗವು ಮಲಿನಗೊಂಡು ಡಿಟೆಕ್ಟರ್ ಕೆಡುತ್ತದೆ. ಇದಕ್ಕೆಂದೇ ತಯಾರಿಸಿದ ಪರೀಕ್ಷಾ ಸ್ಪ್ರೇಯನ್ನು ತಂತ್ರಜ್ಞರು ಬಳಸುತ್ತಾರೆ.

8. ದೋಷ ನಿವಾರಣೆಯಾಗುವವರೆಗೆ ಕೈಗೊಳ್ಳಬೇಕಾದ ಕ್ರಮಗಳು

ವ್ಯವಸ್ಥೆಯು ಭಾಗಶಃ ಅಥವಾ ಪೂರ್ಣವಾಗಿ ಕೆಟ್ಟಿರುವ ಅವಧಿಯಲ್ಲಿ ವ್ಯವಹಾರ ಮುಂದುವರಿಸುವುದಾದರೆ, ಈ ಕೆಳಗಿನ ಮುನ್ನೆಚ್ಚರಿಕೆಗಳನ್ನು ತಪ್ಪದೆ ಪಾಲಿಸುವುದು.

(ಅ) ಎಲ್ಲ ಸಿಬ್ಬಂದಿಗೆ, ರಾತ್ರಿ ಕಾವಲುಗಾರರಿಗೂ ಸೇರಿದಂತೆ, ಯಾವ ಭಾಗದಲ್ಲಿ ಎಚ್ಚರಿಕೆ ಕೆಲಸ ಮಾಡುತ್ತಿಲ್ಲ ಎಂಬುದನ್ನು ತಿಳಿಸುವುದು.

(ಆ) ಆ ಭಾಗದಲ್ಲಿ ನಿಯತವಾಗಿ ಸುತ್ತು ಹಾಕಲು ಒಬ್ಬರನ್ನು ನೇಮಿಸಿ, ಅವರಿಗೆ ಟಾರ್ಚ್, ಸೀಟಿ ಅಥವಾ ಕೈಗಂಟೆ ಮತ್ತು ಮೊಬೈಲ್ ದೂರವಾಣಿಯನ್ನು ಒದಗಿಸುವುದು. ವಸತಿಗೃಹಗಳಲ್ಲಿ ರಾತ್ರಿಯಿಡೀ ಈ ವ್ಯವಸ್ಥೆ ಇರತಕ್ಕದ್ದು.

(ಇ) ವೆಲ್ಡಿಂಗ್ ಮುಂತಾದ ಕಿಡಿ ಹಾರುವ ಕೆಲಸಗಳನ್ನು ಮುಂದೂಡುವುದು.

(ಈ) ನಿರ್ಗಮನ ಬಾಗಿಲುಗಳಿಗೆ ಬೀಗ ಹಾಕದಿರುವುದು. ಮೆಟ್ಟಿಲುಗಳ ಮೇಲೆ ಸರಕು ಇಡದಿರುವುದು.

9. ತಂತ್ರಜ್ಞರಿಂದ ಪಡೆಯಬೇಕಾದ ಸೇವೆ

ದುರಸ್ತಿಗೆ ಕರೆಯುವಾಗ ಫಲಕದ ತಯಾರಕರು ಮತ್ತು ಮಾದರಿ, ಉರಿಯುತ್ತಿರುವ ದೀಪ, ವಲಯದ ಸಂಖ್ಯೆ ಹಾಗೂ ದೋಷ ಆರಂಭವಾದ ದಿನವನ್ನು ತಿಳಿಸುವುದು. ರೆಸಿಸ್ಟರ್‌ನ ಮೌಲ್ಯ ಮತ್ತು ಡಿಟೆಕ್ಟರ್‌ನ ಮಾದರಿಯು ಫಲಕಕ್ಕೆ ಹೊಂದಿಕೆಯಾಗಬೇಕಾದುದರಿಂದ, ಮಾರುಕಟ್ಟೆಯಲ್ಲಿ ಸಿಕ್ಕಿದ್ದನ್ನು ಅಳವಡಿಸಲು ಅವಕಾಶ ನೀಡತಕ್ಕದ್ದಲ್ಲ. ಅಗ್ನಿ ಎಚ್ಚರಿಕೆ ವ್ಯವಸ್ಥೆಗಳ ಆಯ್ಕೆ, ಅಳವಡಿಕೆ ಮತ್ತು ನಿರ್ವಹಣೆಗೆ ಭಾರತೀಯ ಮಾನಕ ಐಎಸ್ 2189 ಹಾಗೂ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗವು ಮಾರ್ಗದರ್ಶಿಯಾಗಿವೆ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಈ ಮಾನಕದ ಉಲ್ಲೇಖವಿರುವಂತೆ ನೋಡಿಕೊಳ್ಳುವುದು ಸೂಕ್ತ.

ಕೆಲಸ ಮುಗಿದ ನಂತರ ದುರಸ್ತಿಯಾದ ವಲಯದ ಡಿಟೆಕ್ಟರ್‌ಗಳನ್ನು ಮಾಲೀಕರ ಸಮ್ಮುಖದಲ್ಲಿ ಪರೀಕ್ಷಿಸಿ, ದೋಷದ ಕಾರಣ, ಬದಲಿಸಿದ ಭಾಗಗಳು ಮತ್ತು ಫಲಿತಾಂಶವನ್ನು ದಾಖಲು ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿಕೊಳ್ಳತಕ್ಕದ್ದು.

10. ನಿಯತಕಾಲಿಕ ಪರಿಶೀಲನೆ

ಪ್ರತಿದಿನ: ಫಲಕದಲ್ಲಿ ಹಸಿರು ದೀಪ ಮಾತ್ರ ಉರಿಯುತ್ತಿದೆಯೇ ಎಂದು ನೋಡುವುದು.

ಪ್ರತಿವಾರ: ನಿಗದಿತ ದಿನ ಮತ್ತು ವೇಳೆಯಲ್ಲಿ, ಸಿಬ್ಬಂದಿಗೆ ಮುಂಚಿತವಾಗಿ ತಿಳಿಸಿ, ಒಂದು ಮ್ಯಾನುಯಲ್ ಕಾಲ್ ಪಾಯಿಂಟ್ ಮೂಲಕ ಹೂಟರ್ ಮೊಳಗಿಸುವುದು. ಪ್ರತಿ ವಾರ ಬೇರೆ ಬೇರೆ ಪೆಟ್ಟಿಗೆಯನ್ನು ಆಯ್ದುಕೊಳ್ಳುವುದು.

ಪ್ರತಿ ತಿಂಗಳು: ಫಲಕದ ಎಂಸಿಬಿಯನ್ನು ಆರಿಸಿ, ಬ್ಯಾಟರಿಯ ಮೇಲೆ ಹೂಟರ್ ಮೊಳಗುವುದೇ ಎಂದು ಪರೀಕ್ಷಿಸುವುದು. ನಂತರ ಎಂಸಿಬಿಯನ್ನು ಮರಳಿ ಚಾಲನೆಗೊಳಿಸಿ ಹಸಿರು ದೀಪವನ್ನು ಖಚಿತಪಡಿಸಿಕೊಳ್ಳುವುದು.

ಪ್ರತಿ ಮೂರು ತಿಂಗಳು ಮತ್ತು ಪ್ರತಿ ವರ್ಷ: ತಂತ್ರಜ್ಞರಿಂದ ತಪಾಸಣೆ. ವರ್ಷದೊಳಗೆ ಪ್ರತಿಯೊಂದು ಡಿಟೆಕ್ಟರ್ ಕನಿಷ್ಠ ಒಮ್ಮೆ ಪರೀಕ್ಷೆಗೊಳಪಡತಕ್ಕದ್ದು.

11. ಅರ್ಜಿದಾರರ ಗಮನಕ್ಕೆ

ಅಗ್ನಿ ಸುರಕ್ಷತೆಗೆ ಸಂಬಂಧಿಸಿದ ಸೇವೆಗಳಿಗೆ ಅರ್ಜಿ ಸಲ್ಲಿಸುವವರು ಈ ಕೆಳಗಿನವುಗಳನ್ನು ಸಿದ್ಧವಿರಿಸಿಕೊಂಡಲ್ಲಿ ಸ್ಥಳ ಪರಿಶೀಲನೆಯು ಸುಗಮವಾಗುತ್ತದೆ.

(ಅ) ಪರೀಕ್ಷೆ ಮತ್ತು ದೋಷಗಳ ದಾಖಲು ಪುಸ್ತಕ.
(ಆ) ಚಾಲ್ತಿಯಲ್ಲಿರುವ ವಾರ್ಷಿಕ ನಿರ್ವಹಣಾ ಒಪ್ಪಂದ ಮತ್ತು ಇತ್ತೀಚಿನ ಸೇವಾ ವರದಿ.
(ಇ) ವಲಯಗಳನ್ನು ಗುರುತಿಸಿದ ಕಟ್ಟಡದ ನಕ್ಷೆ. ಇದರ ಒಂದು ಪ್ರತಿಯನ್ನು ಫಲಕದ ಪಕ್ಕದಲ್ಲಿ ಅಂಟಿಸಿರುವುದು.
(ಈ) ಬ್ಯಾಟರಿ ಅಳವಡಿಸಿದ ದಿನಾಂಕದ ವಿವರ.
(ಉ) ಫಲಕ ಮತ್ತು ಮ್ಯಾನುಯಲ್ ಕಾಲ್ ಪಾಯಿಂಟ್‌ಗಳ ಕೀಲಿಗಳು.

ದಾಖಲು ಪುಸ್ತಕದಲ್ಲಿ ದೋಷಗಳು ನಮೂದಾಗಿರುವುದು ಲೋಪವೆಂದು ಭಾವಿಸಬೇಕಾಗಿಲ್ಲ. ದೋಷವನ್ನು ಗುರುತಿಸಿ, ಸರಿಪಡಿಸಿದ ವಿವರವು ವ್ಯವಸ್ಥೆಯ ಬಗ್ಗೆ ಕಾಳಜಿ ವಹಿಸಲಾಗಿದೆ ಎಂಬುದಕ್ಕೆ ಸಾಕ್ಷಿ. ವರ್ಷವಿಡೀ 'ಎಲ್ಲವೂ ಸರಿಯಾಗಿದೆ' ಎಂದು ಒಂದೇ ಶಾಯಿಯಲ್ಲಿ ಬರೆದ ಪುಸ್ತಕಕ್ಕಿಂತ, ಜುಲೈ ತಿಂಗಳಿನಲ್ಲಿ ಅರ್ತ್ ಫಾಲ್ಟ್ ಕಂಡು ಆಗಸ್ಟ್‌ನಲ್ಲಿ ತಂತಿ ಬದಲಿಸಿದ ದಾಖಲೆಯುಳ್ಳ ಪುಸ್ತಕವು ಕಟ್ಟಡದಲ್ಲಿರುವವರಿಗೆ ಹೆಚ್ಚು ಭರವಸೆ ನೀಡುತ್ತದೆ.

ತುರ್ತು ಸಂದರ್ಭದಲ್ಲಿ 101 ಅಥವಾ 112ಕ್ಕೆ ಕರೆ ಮಾಡಿ, ಕಟ್ಟಡದ ವಿಳಾಸ, ಸಮೀಪದ ಗುರುತು, ಬೆಂಕಿಯ ಸ್ವರೂಪ ಮತ್ತು ಒಳಗೆ ಸಿಲುಕಿರುವವರ ಮಾಹಿತಿಯನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.